ಗೋಡೆಯ ಹಿಂದಿನ ಗ್ರಂಥಗಳು

1944ರ ಫೆಬ್ರವರಿಯಲ್ಲಿ ಮೋಂತೆ ಕಸ್ಸೀನೋ ಮಠವು ಬಾಂಬಿನ ದಾಳಿಗೆ ನೆಲಸಮವಾಯಿತು. ಅದರ ಗ್ರಂಥಗಳು ಉಳಿದದ್ದು, ಕೆಲವು ತಿಂಗಳ ಮುಂಚೆ ಅವನ್ನು ರೋಮಿಗೆ ಸಾಗಿಸಿದ್ದರಿಂದ. ಪ್ರತಿಯೊಂದು ಮಠಕ್ಕೂ ಅಂಥ ಕಾಲಾವಕಾಶ ದೊರೆಯದಷ್ಟೆ. ಅಮೆರಿಕದ ಮಿನ್ನೆಸೋಟದ ಬೆನೆಡಿಕ್ಟೈನ್ ಸನ್ಯಾಸಿಗಳು 1965ರಲ್ಲಿ ಆಸ್ಟ್ರಿಯಾದ ಮಠಗಳ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿದರು. ಗ್ರಂಥವನ್ನು ಕದಲಿಸದೆ, ಅದು ಇರುವೆಡೆಗೇ ಕ್ಯಾಮೆರಾವನ್ನು ಒಯ್ಯುವುದು ಅವರ ಕ್ರಮವಾಗಿತ್ತು.

ಈ ಕ್ರಮದ ಬೆಲೆ ತಿಳಿದದ್ದು ಇರಾಕಿನಲ್ಲಿ. ದೊಮಿನಿಕನ್ ಗುರು ನಜೀಬ್ ಮಿಖಾಯಿಲ್ ಅವರು 1990ರಿಂದಲೇ ಮೊಸುಲಿನಲ್ಲಿ ಹಸ್ತಪ್ರತಿಗಳ ಛಾಯಾಪ್ರತಿ ಮಾಡಿಸುತ್ತಿದ್ದರು. ಮುಂದೆ ಮಿನ್ನೆಸೋಟದ ಸಂಸ್ಥೆಯೂ ಅವರೊಡನೆ ಕೈಜೋಡಿಸಿತು. 2014ರ ಬೇಸಿಗೆಯಲ್ಲಿ ಅವರು ಗ್ರಂಥರಾಶಿಯೊಡನೆ ಎರ್ಬಿಲ್‌ಗೆ ಪಾರಾದರು. ಅಲ್ಲಿ ನಿರಾಶ್ರಿತರಾಗಿ ಬಂದವರಿಗೇ ಕೆಲಸ ಕಲಿಸಿದರು. ಮಾರ್ ಬೆಹ್ನಾಮ್ ಮಠದಲ್ಲಾದರೋ, ಗ್ರಂಥಗಳನ್ನು ಸುಳ್ಳುಗೋಡೆಯ ಹಿಂದೆ ಅಡಗಿಸಲಾಗಿತ್ತು. 2016ರ ಕೊನೆಯಲ್ಲಿ ಗೋಡೆಯನ್ನು ಒಡೆದಾಗ ಅವು ಸಿಕ್ಕವು. ಎಲ್ಲ ಗ್ರಂಥಾಲಯಗಳಿಗೂ ಅಂಥ ಗೋಡೆ ಇರಲಿಲ್ಲ. ಕೆಲವು ಗ್ರಂಥಗಳು ಇಂದು ಚಿತ್ರರೂಪದಲ್ಲಷ್ಟೇ ಇವೆ.

ಇವರ ಉಪಕರಣ ದುಬಾರಿಯಾದುದಲ್ಲವೆಂಬುದನ್ನು ನಾವು ಗಮನಿಸಬೇಕು. ಕೆಳಮುಖವಾಗಿ ನಿಲ್ಲಿಸಿದ ಒಂದು ಕ್ಯಾಮೆರಾ, ಇಕ್ಕೆಲಗಳಿಂದ ಓರೆಯಾಗಿ ಬೀಳುವ ಎರಡು ದೀಪ, ಗ್ರಂಥವನ್ನು ಪೂರ್ತಿ ಬಿಚ್ಚದಂತೆ ಹಿಡಿಯುವ ತೊಟ್ಟಿಲು. ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ ಒತ್ತಿದರೆ ಹಳೆಯ ಹೊಲಿಗೆ ಹರಿಯುತ್ತದೆ. ನಾವು ಕಂಡ ಒಂದು ದೀಕ್ಷಾಸ್ನಾನದ ದಾಖಲೆಪುಸ್ತಕ ನೆರಳಚ್ಚಿನ ಅಂಗಡಿಯಿಂದ ಎರಡು ಹೋಳಾಗಿ ಮರಳಿತ್ತು. ಒಯ್ದವರ ಉದ್ದೇಶವೇನೋ ಸಂರಕ್ಷಣೆಯೇ! ಧರ್ಮಕೇಂದ್ರದ ಜಮೀನು ನಕ್ಷೆಯಂತಹ ದೊಡ್ಡ ಹಾಳೆಯನ್ನು ಮಡಿಸಬೇಕಾಗಿಲ್ಲ. ಕ್ಯಾಮೆರಾವನ್ನು ಅಲುಗಿಸದೆ, ಹಾಳೆಯನ್ನು ಹಲಗೆಯ ಸಮೇತ ಸರಿಸುತ್ತ, ಅಂಚುಗಳು ಒಂದರ ಮೇಲೊಂದು ಬರುವಂತೆ ಭಾಗಭಾಗವಾಗಿ ತೆಗೆದು, ಬಳಿಕ ಗಣಕದಲ್ಲಿ ಜೋಡಿಸಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಹಣ ನಿಜವಾಗಿ ಬೇಕಾಗುವುದು ಆಮೇಲೆ. ಪ್ರತಿಯೊಂದು ಪುಟಚಿತ್ರ ಯಾವ ಗ್ರಂಥದ್ದು, ಯಾವ ವರ್ಷದ್ದು ಎಂದು ಬರೆದಿಡುವ ಕೈಗೆ ಸಂಬಳ ಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕ್ ಬೇಕು. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಇದಕ್ಕೆ ದಾನಿಗಳು ಸಿಗುವುದು ಅಪರೂಪ, ಯಂತ್ರದ ಮೇಲೆ ಕೆತ್ತಿಸುವಂತೆ ಪಟ್ಟಿಯ ಮೇಲೆ ಹೆಸರು ಕೆತ್ತಿಸಲಾಗದು. ಆದರೆ ನಮ್ಮ ಗುರುಮಠಗಳಲ್ಲಿ ಲತೀನಿನ ದಾಖಲೆ ಓದಬಲ್ಲ ಹಿರಿಯ ಗುರುಗಳು ಇನ್ನೂ ಇದ್ದಾರೆ. ಅವರ ಬಳಿ ಇಬ್ಬರು ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಕುಳಿತರೆ, ಪಟ್ಟಿಯ ಮೊದಲ ಪುಟ ಈ ವರ್ಷವೇ ಸಿದ್ಧವಾದೀತು.