ಸೌದೆ ಒಲೆಯ ರುಚಿ

ಕೆಂಡದ ಮೇಲೆ ಮಾಂಸ ಸುಡುವುದು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲೇ ಅದರ ವಿವರವಿದೆ. ಅರಮನೆಗೆ ಅದು ಭೋಗ. ನಮ್ಮ ಕಾಮಸಮುದ್ರದ ಕಡೆಯ ಹೆಂಗಸರಿಗೆ ಮಾತ್ರ ಅದು ಹಬ್ಬದ ದುಡಿಮೆ. ಕುರಿಯ ತಲೆ, ಕಾಲು ಸುಟ್ಟು, ಕೆರೆದು, ತೊಳೆದು, ಖಾರ ರುಬ್ಬಿ, ರಾಗಿ ಮುದ್ದೆ ಕಟ್ಟಿ, ಎಲ್ಲರಿಗೂ ಬಡಿಸಿದ ಮೇಲೆ ತಮ್ಮ ಪಾಲಿಗೆ ಉಳಿದದ್ದನ್ನು ಉಣ್ಣಬೇಕು.

ಈ ಅಡುಗೆಗೆ ಪೇಟೆಯಲ್ಲಿ ಬೋರ್ಡು ಹಾಕಿದ್ದು ಮಿಲಿಟರಿ ಹೋಟೆಲುಗಳು. ಬೆಂಗಳೂರಿನ ಕಾಟನ್‌ಪೇಟೆಯ ಎಸ್. ಜಿ. ರಾವ್ ಅವರ ಹೋಟೆಲು 1908ರದು. ‘ಮಿಲಿಟರಿ’ ಎಂದರೆ ಮಾಂಸದೂಟ ಸಿಗುತ್ತದೆ ಎಂದಷ್ಟೇ ಅರ್ಥ. ಬಹುಕಾಲ ಅಲ್ಲಿ ಕೂತು ಉಂಡವರು ಹೆಚ್ಚಾಗಿ ಗಂಡಸರೇ.

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಸೀಮೆಯ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಅಲ್ಲಿ ‘ಸೌದೆ ಒಲೆಯ ಹಳ್ಳಿ ಊಟ’ ಎಂದು ಬರೆದಿದ್ದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ತಪ್ಪೇನಿಲ್ಲ. ಊರು ಬಿಟ್ಟವರಿಗೆ ಊರಿನ ನೆನಪು ತಟ್ಟೆಯಲ್ಲಾದರೂ ಸಿಗಲಿ.

ಆದರೆ ಆ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ನಮ್ಮ ಅಮ್ಮಂದಿರು, ಮನೆಗೆ ಗ್ಯಾಸ್ ಒಲೆ ಬಂದಾಗ ರುಚಿ ಹೋಯಿತೆಂದು ಮರುಗಲಿಲ್ಲ. ಕೆಮ್ಮು ಹೋಯಿತೆಂದು ಹಿಗ್ಗಿದರು. ಈಗ ಅದೇ ಹೊಗೆಗೆ ಹೋಟೆಲಿನಲ್ಲಿ ಬಿಲ್ಲು ಕೊಡುತ್ತೇವೆ. ಕೊಡೋಣ. ಹಾಗೆ ಕೊಡುವಾಗ, ಮನೆಯ ಒಲೆಯ ಮುಂದೆ ಕೂತವಳಿಗೆ ಆ ಕೆಲಸಕ್ಕೆ ಯಾರೂ ಬೆಲೆ ಕಟ್ಟಲಿಲ್ಲವೆಂಬುದನ್ನು ಮಕ್ಕಳಿಗೂ ಹೇಳೋಣ.