ಜೊಂಡಿನ ನಾಡಿನ ಋತುಚಿತ್ರಗಳು

ನಮ್ಮ ಪ್ರಾಚೀನ ಕವಿಗಳಿಗೆ ಋತುವರ್ಣನೆ ತಪ್ಪಿಸಿಕೊಳ್ಳಲಾಗದ ಕರ್ತವ್ಯವಾಗಿತ್ತು. ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕು, ಆ ಹದಿನೆಂಟರಲ್ಲಿ ಋತುಗಳೂ ಸೇರಿರಬೇಕು ಎಂದು ಲಾಕ್ಷಣಿಕರು ವಿಧಿಸಿದ್ದರು. ವಸಂತವೆಂದರೆ ಮಾವಿನ ಚಿಗುರು ಮತ್ತು ಕೋಗಿಲೆ. ಶರತ್ತೆಂದರೆ ತಿಳಿನೀರು, ಹಂಸ, ಬೆಳುದಿಂಗಳು. ಸೊಗಸಾದ ವರ್ಣನೆಗಳೇ ಸರಿ. ಆದರೆ ಆ ತಿಳಿನೀರಿನ ಹೊಳೆಯ ದಡದಲ್ಲಿ ಆ ತಿಂಗಳು ಯಾರು ಯಾವ ಕೆಲಸ ಮಾಡುತ್ತಿದ್ದರು, ಎಷ್ಟು ಹೊತ್ತು ನೀರಿನಲ್ಲಿ ನಿಲ್ಲುತ್ತಿದ್ದರು, ಸಂಜೆ ಏನನ್ನು ಹೊತ್ತು ಮನೆಗೆ ಮರಳುತ್ತಿದ್ದರು ಎಂದು ಕೇಳಿದರೆ ಕಾವ್ಯವು ಬಹುಮಟ್ಟಿಗೆ ಸುಮ್ಮನಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹೇಳುವ ಋತುವರ್ಣನೆಯೊಂದು ಇಂಗ್ಲೆಂಡಿನಲ್ಲಿ 1886ನೆಯ ಇಸವಿಯಲ್ಲಿ ಸಿದ್ಧವಾಯಿತು. ಅದು ಕಾವ್ಯವಲ್ಲ, ನಲವತ್ತು ಛಾಯಾಚಿತ್ರಗಳನ್ನು ಅಂಟಿಸಿದ ಒಂದು ದೊಡ್ಡ ಆಲ್ಬಮ್. ‘ನಾರ್ಫೋಕ್ ಬ್ರಾಡ್ಸ್ ಪ್ರದೇಶದ ಬಾಳು ಮತ್ತು ನೆಲ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಅದನ್ನು ಮಾಡಿದವರು ಇಬ್ಬರು: ಪೀಟರ್ ಹೆನ್ರಿ ಎಮರ್ಸನ್ ಎಂಬ ಛಾಯಾಗ್ರಾಹಕ, ಟಿ. ಎಫ್. ಗುಡಾಲ್ ಎಂಬ ಚಿತ್ರಕಾರ. ನೀವು ಹೆಸರು ಕೇಳಿರುವ ಅಮೆರಿಕದ ತತ್ತ್ವಚಿಂತಕ ಎಮರ್ಸನ್ ಬೇರೆ, ಈತನು ಬೇರೆ. ಕಿವಿಯಿಂದ ಕೇಳಿ ಕಣ್ಣಿಗೆ ಕಟ್ಟಿಕೊಳ್ಳುವ ಅಭ್ಯಾಸ ನಿಮಗೆ ರೇಡಿಯೋದಿಂದ ಬಂದೇ ಇರುವುದರಿಂದ, ಚಿತ್ರಗಳನ್ನು ಮುಂದಿಡದೆ ಚಿತ್ರಗಳ ಕಥೆ ಹೇಳುವ ಧೈರ್ಯ ಮಾಡಿದ್ದೇನೆ.

ಮೊದಲು ಆ ನಾಡನ್ನು ಮನಸ್ಸಿಗೆ ತಂದುಕೊಳ್ಳಿ. ಇಂಗ್ಲೆಂಡಿನ ಪೂರ್ವತೀರದಲ್ಲಿ ನಾರ್ಫೋಕ್ ಮತ್ತು ಸಫೋಕ್ ಎಂಬ ಎರಡು ಜಿಲ್ಲೆಗಳಿವೆ. ಬ್ಯೂರ್, ಆ್ಯಂಟ್, ಥರ್ನ್, ಯೇರ್, ವೇವ್ನಿ ಎಂಬ ಹೊಳೆಗಳು ಅಲ್ಲಿ ನಿಧಾನವಾಗಿ ಹರಿದು ಗ್ರೇಟ್ ಯಾರ್ಮತ್ ಪಟ್ಟಣದ ಬಳಿ ಸಮುದ್ರವನ್ನು ಸೇರುತ್ತವೆ. ಬೆಟ್ಟವಿಲ್ಲ, ಬಂಡೆಯಿಲ್ಲ, ಆಕಾಶವೇ ಮುಕ್ಕಾಲು ಪಾಲು. ಹೊಳೆಗಳ ಅಕ್ಕಪಕ್ಕದಲ್ಲಿ ಆಳವಿಲ್ಲದ ಅಗಲವಾದ ಕೆರೆಗಳಿವೆ. ಇವೇ ‘ಬ್ರಾಡ್’ಗಳು. ಅವುಗಳ ಸುತ್ತ ಆಳುದ್ದಕ್ಕೂ ಮೀರಿದ ಜೊಂಡು, ಜೌಗು ಹುಲ್ಲುಗಾವಲು, ನೀರೆತ್ತುವ ಗಾಳಿಯಂತ್ರಗಳು. ಬೇಸಿಗೆಯಲ್ಲಿ ಒತ್ತಾಗಿ ಹಸುರು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯಾಸ್ತ, ನೀರಿನ ಮೇಲೆ ಮಂಜುಗಡ್ಡೆಯ ತೊಗಟೆ.

ಎಮರ್ಸನ್ ಈ ನಾಡಿನವನಲ್ಲ. ಆತನು 1856ರಲ್ಲಿ ಕ್ಯೂಬಾ ದ್ವೀಪದಲ್ಲಿ ಹುಟ್ಟಿದನು. ತಂದೆ ಅಮೆರಿಕದವರು, ತೋಟದ ಯಜಮಾನರು; ತಾಯಿ ಬ್ರಿಟಿಷರು. ತಂದೆ ತೀರಿದ ಮೇಲೆ, 1869ರಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಬಂದು, ವೈದ್ಯಶಾಸ್ತ್ರ ಓದಿ, 1885ರಲ್ಲಿ ಕೇಂಬ್ರಿಜ್‌ನಿಂದ ಪದವಿ ಪಡೆದು, ಅನತಿಕಾಲದಲ್ಲೇ ವೈದ್ಯವೃತ್ತಿಯನ್ನು ಬಿಟ್ಟುಬಿಟ್ಟನು. ದುಡಿಯಲೇಬೇಕೆಂಬ ಅಗತ್ಯ ಆತನಿಗೆ ಇರಲಿಲ್ಲ. ಕ್ಯೂಬಾದ ಕಬ್ಬಿನ ತೋಟಗಳು ಆ ಕಾಲದಲ್ಲಿ ಗುಲಾಮರ ಬೆವರಿನಿಂದ ನಡೆಯುತ್ತಿದ್ದವು. ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ, ಅಂದರೆ ಈ ಆಲ್ಬಮ್ಮಿನ ವರ್ಷದಲ್ಲಿಯೇ. ಬೇರೆಯವರ ದುಡಿಮೆಯನ್ನು ನಿಂತು ನೋಡುವ ಬಿಡುವು ಒಬ್ಬನಿಗೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಚರಿತ್ರೆ ಓದುವವರು ಗಮನಿಸಬೇಕಾಗುತ್ತದೆ.

ಹಕ್ಕಿಗಳನ್ನು ನೋಡುವ ಹವ್ಯಾಸಕ್ಕೆಂದು ಕೊಂಡ ಕ್ಯಾಮರಾ ಆತನನ್ನು ಹೊಳೆಯ ಜನರ ಬಳಿಗೆ ಕರೆದೊಯ್ದಿತು. ಇದಕ್ಕೆ ಕಾಲವೂ ಅನುಕೂಲವಾಗಿತ್ತು. ಅದಕ್ಕೆ ಹಿಂದೆ ಛಾಯಾಗ್ರಾಹಕನು ಗಾಜಿನ ಫಲಕಕ್ಕೆ ಮದ್ದು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲೇ ಕತ್ತಲಗುಡಾರದಲ್ಲಿ ತೊಳೆಯಬೇಕಾಗಿತ್ತು. ತೂಗಾಡುವ ದೋಣಿಯಲ್ಲಿ ಇದು ಎಂಥ ಫಜೀತಿಯೆಂದು ನೀವೇ ಊಹಿಸಿಕೊಳ್ಳಿ. ರಿಚರ್ಡ್ ಮ್ಯಾಡಾಕ್ಸ್ ಎಂಬ ಇನ್ನೊಬ್ಬ ಇಂಗ್ಲಿಷ್ ವೈದ್ಯನು 1871ರಲ್ಲಿ ಜೆಲಟಿನ್ ಲೇಪಿಸಿದ ಒಣ ಫಲಕದ ವಿಧಾನವನ್ನು ಪ್ರಕಟಿಸಿದನು. ಹತ್ತು ವರ್ಷ ಕಳೆಯುವುದರೊಳಗೆ ಅಂತಹ ಫಲಕಗಳು ಅಂಗಡಿಯಲ್ಲಿ ಸಿಗತೊಡಗಿದವು. ಇಂದು ತೆಗೆದ ಚಿತ್ರವನ್ನು ವಾರದ ಮೇಲೆ ಮನೆಯಲ್ಲಿ ತೊಳೆಯಬಹುದಾಯಿತು. ಮುದ್ರಣಕ್ಕೆ ಎಮರ್ಸನ್ ಆರಿಸಿಕೊಂಡದ್ದು ಪ್ಲಾಟಿನಂ ಕಾಗದವನ್ನು. ಇದರಲ್ಲಿ ಚಿತ್ರವು ಕಾಗದದ ಮೇಲೆ ಪೊರೆಯಾಗಿ ಕೂಡದೆ ನಾರಿನೊಳಗೇ ಇಳಿದು ನಿಲ್ಲುತ್ತದೆ. ಹೊಳಪಿಲ್ಲ, ಆದರೆ ಕಪ್ಪಿಗೂ ಬಿಳುಪಿಗೂ ನಡುವೆ ಬೂದುಬಣ್ಣದ ನೂರು ಮೆಟ್ಟಿಲುಗಳು. ಮಂಜಿನ ನಾಡಿಗೆ ಹೇಳಿ ಮಾಡಿಸಿದ ಕಾಗದ.

ಇನ್ನು ಚಿತ್ರಗಳಿಗೆ ಬರೋಣ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಬೇಸಿಗೆಯದು, ‘ನೀರುಕನ್ನೈದಿಲೆ ಕೀಳುವುದು’. ದೋಣಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಸುತ್ತ ಎಲೆಗಳು ಹಾಸಿದ ನೀರು. ಆಕೆಯು ಬಾಗಿ ಹೂವಿಗೆ ಕೈಯೊಡ್ಡಿದ್ದಾಳೆ. ವಿಹಾರಕ್ಕೆ ಬಂದ ದಂಪತಿಗಳೆಂದು ಯಾರಾದರೂ ತಿಳಿದಾರು. ಆದರೆ ಅದೇ ಆಲ್ಬಮ್ಮಿನಲ್ಲಿ ಬಳೆಕಟ್ಟಿನ ಬಲೆಯನ್ನು ನೀರಿಗಿಳಿಸುವ ಚಿತ್ರವೊಂದಿದೆ. ಬಳೆಗಳನ್ನು ಕೊಟ್ಟು ಕೊಳವೆಯಂತೆ ಕಟ್ಟಿದ ಈ ಬಲೆಯಿಂದ ಅಲ್ಲಿನವರು ಟೆಂಚ್ ಎಂಬ ಮೀನನ್ನು ಹಿಡಿಯುತ್ತಿದ್ದರು. ಮೀನನ್ನು ಸೆಳೆಯಲು ಬಲೆಯೊಳಗೆ ಬಣ್ಣದ ಹೂಗಳನ್ನಿಡುವುದು ಆ ಭಾಗದ ಹಳೆಯ ಪದ್ಧತಿ. ಇದು ತಿಳಿದ ಮೇಲೆ ಮೊದಲನೆಯ ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಆ ಹೂವಿಗೆ ಬೇರೆಯೇ ತೂಕ ಬರುತ್ತದೆ.

ಬೇಸಿಗೆಯ ಇನ್ನೊಂದು ಕೆಲಸ ಜೌಗುಹುಲ್ಲಿನ ಕೊಯ್ಲು. ಆ ನೆಲದ ಮೇಲೆ ಕುದುರೆಗಾಡಿ ಹೋದರೆ ಹೂತುಹೋಗುತ್ತದೆ. ಆದುದರಿಂದ ಹುಲ್ಲಿನ ಗುಪ್ಪೆಯ ಕೆಳಗೆ ಎರಡು ಗಳುಗಳನ್ನು ತೂರಿಸಿ, ಹಿಂದೊಬ್ಬರು ಮುಂದೊಬ್ಬರು ಹಿಡಿದು, ಗಟ್ಟಿ ನೆಲದವರೆಗೆ ಅಥವಾ ದೋಣಿಯವರೆಗೆ ಹೊರುತ್ತಿದ್ದರು. ಈ ಹೊರೆಯ ಚಿತ್ರದಲ್ಲಿ ಹೆಂಗಸೂ ಗಳು ಹಿಡಿದಿದ್ದಾಳೆ. ಶರತ್ಕಾಲದ ಕತ್ತಲೆಯ ರಾತ್ರಿಗಳಲ್ಲಿ ಹಾವುಮೀನುಗಳು ಸಮುದ್ರದ ಕಡೆಗೆ ಹೊರಡುತ್ತವೆ. ಅವುಗಳಿಗಾಗಿ ಹೊಳೆಗೆ ಅಡ್ಡಲಾಗಿ ಬಲೆ ಕಟ್ಟಿ ರಾತ್ರಿಯಿಡೀ ಕಾಯುವವರಿದ್ದರು. (ಅವು ಅಟ್ಲಾಂಟಿಕ್ ದಾಟಿ ಸಾರ್ಗಾಸೋ ಸಮುದ್ರದಲ್ಲಿ ಮರಿ ಮಾಡುತ್ತವೆಂದು ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ ಹೇಳಿದ್ದು 1922ರಲ್ಲಿ, ಎಮರ್ಸನ್ನನ ಬೆಸ್ತರಿಗೆ ಅವು ಹೋಗುವ ಊರು ಗೊತ್ತಿರಲಿಲ್ಲ, ಹೊರಡುವ ರಾತ್ರಿ ಮಾತ್ರ ಗೊತ್ತಿತ್ತು.) ಆ ಕಾಲದ ಫಲಕಕ್ಕೆ ರಾತ್ರಿಯ ಕೆಲಸ ಕಾಣುತ್ತಿರಲಿಲ್ಲ. ಹೀಗಾಗಿ ಆಲ್ಬಮ್ಮಿನಲ್ಲಿ ಹಾವುಮೀನು ಹಿಡಿಯುವವನ ಮನೆಯಿದೆ. ರಾತ್ರಿಯ ಕಾವಲು ಇಲ್ಲ.

ನನ್ನ ಮಟ್ಟಿಗೆ ಆಲ್ಬಮ್ಮಿನ ತಿರುಳು ಚಳಿಗಾಲದಲ್ಲಿದೆ, ಜೊಂಡಿನ ಕೊಯ್ಲಿನಲ್ಲಿ. ನಾರ್ಫೋಕ್ ಜೊಂಡು ಮನೆಯ ಮಾಡಿಗೆ ಹೊದಿಸಲು ಹೆಸರಾದದ್ದು. ಚೆನ್ನಾಗಿ ಹೊದಿಸಿದರೆ ಐವತ್ತು ಅರುವತ್ತು ವರ್ಷ ಬಾಳುತ್ತದೆ. ಆದರೆ ಅದನ್ನು ಬೇಕೆಂದಾಗ ಕೊಯ್ಯುವಂತಿಲ್ಲ. ಹಿಮ ಬಿದ್ದು, ಎಲೆ ಉದುರಿ, ಕಡ್ಡಿ ಒಣಗಿ ಹೊಂಬಣ್ಣಕ್ಕೆ ತಿರುಗಬೇಕು. ವಸಂತದ ಹೊಸ ಮೊಳಕೆ ಮೇಲೇಳುವುದರೊಳಗೆ ಕೊಯ್ದು ಮುಗಿಸಬೇಕು. ಎಂದರೆ ವರ್ಷದಲ್ಲಿ ನೀರು ಅತ್ಯಂತ ತಣ್ಣಗಿರುವ ತಿಂಗಳುಗಳೇ ನೀರಿಗಿಳಿಯುವ ತಿಂಗಳುಗಳು. ತೊಡೆಯುದ್ದದ ಬೂಟು ಹಾಕಿಕೊಂಡು, ನೀರಲ್ಲಿ ನಿಂತು, ಕುಡುಗೋಲಿನಿಂದ ಬುಡಕ್ಕೆ ಕೊಯ್ದು, ಕಟ್ಟು ಕಟ್ಟಿ, ಚಪ್ಪಟೆ ತಳದ ದೋಣಿಗೆ ಪೇರಿಸಿ, ದಡಕ್ಕೆ ತಂದು ಬಣವೆ ಒಟ್ಟುತ್ತಿದ್ದರು. ಹೊಲದ ಕೂಲಿ ಕಡಿಮೆಯಾಗುವ ಕಾಲದಲ್ಲಿ ಕೈಗೆ ಕಾಸು ತರುತ್ತಿದ್ದುದು ಈ ಕೆಲಸ. ‘ಜೌಗಿನಿಂದ ಮನೆಗೆ’ ಎಂಬ ಚಿತ್ರದಲ್ಲಿ ದಿನದ ಕೆಲಸ ಮುಗಿಸಿದ ಗಂಡಸರು ಹತಾರಗಳನ್ನು ಹಿಡಿದು ಬರುತ್ತಿದ್ದಾರೆ. ಆ ಬೂಟುಗಳನ್ನು ನೋಡಿದರೆ ಸಾಕು, ಋತುವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಇವೆಲ್ಲ ನಿಜವಾದ ಚಿತ್ರಗಳೇ, ಹೇಳಿ ನಿಲ್ಲಿಸಿದ ಚಿತ್ರಗಳೇ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆ. ಆಗ ಇಂಗ್ಲೆಂಡಿನಲ್ಲಿ ಹೆನ್ರಿ ಪೀಚ್ ರಾಬಿನ್ಸನ್ ಎಂಬ ಪ್ರಸಿದ್ಧ ಛಾಯಾಗ್ರಾಹಕನಿದ್ದನು. ಆತನು ಸುಸಂಸ್ಕೃತ ಯುವತಿಯರಿಗೆ ಹಳ್ಳಿಯ ಉಡುಪು ತೊಡಿಸಿ ರೈತಹುಡುಗಿಯರ ಚಿತ್ರ ತೆಗೆಯುತ್ತಿದ್ದನು. ಹಲವು ನೆಗೆಟಿವ್‌ಗಳನ್ನು ಕೂಡಿಸಿ ಒಂದು ಚಿತ್ರ ಮಾಡುತ್ತಿದ್ದನು. 1858ರ ಆತನ ಹೆಸರಾಂತ ಚಿತ್ರವೊಂದರಲ್ಲಿ ಐದು ನೆಗೆಟಿವ್‌ಗಳಿವೆ. ಎಮರ್ಸನ್ ಇದನ್ನು ಕಟುವಾಗಿ ಖಂಡಿಸಿದನು. ಆ ನೆಲದ ಜನರೇ ಆಗಬೇಕು, ಅವರ ಬಟ್ಟೆಯೇ ಆಗಬೇಕು, ಅವರ ಕೆಲಸವೇ ಆಗಬೇಕು, ಒಂದೇ ನೆಗೆಟಿವ್ ಆಗಬೇಕು ಎಂದು ಹಟ ಹಿಡಿದನು. ಆದರೂ ಫಲಕಕ್ಕೆ ಬೆಳಕು ಸಾಲುವವರೆಗೆ ಜೊಂಡು ಕೊಯ್ಯುವವನು ಅಲುಗಾಡದೆ ನಿಲ್ಲಬೇಕಾಗಿತ್ತು. ಕೆಲಸವು ನಿಜ, ನಿಲುವು ಹೇಳಿಕೊಟ್ಟದ್ದು. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಕುಡುಗೋಲನ್ನು ಹಿಡಿದ ಕೈಯಲ್ಲಿ ಆ ಅಭ್ಯಾಸ ಕಾಣುತ್ತದೆ.

1889ರಲ್ಲಿ ಎಮರ್ಸನ್ ತನ್ನ ಮತವನ್ನು ‘ಸ್ವಾಭಾವಿಕ ಛಾಯಾಚಿತ್ರಣ’ವೆಂಬ ಗ್ರಂಥವಾಗಿ ಬರೆದನು. ಕಣ್ಣು ಒಂದು ಸಲಕ್ಕೆ ಒಂದೇ ಕಡೆ ಸ್ಫುಟವಾಗಿ ಕಾಣುತ್ತದೆ, ಉಳಿದದ್ದು ಮಸುಕು. ಕ್ಯಾಮರಾವೂ ಹಾಗೆಯೇ ನೋಡಬೇಕು ಎಂಬುದು ಅದರ ಸಾರ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ದೃಷ್ಟಿಶಾಸ್ತ್ರ ಇದಕ್ಕೆ ಆಧಾರ. ಗ್ರಂಥ ಬಂದು ಎರಡು ವರ್ಷ ತುಂಬುವ ಮುಂಚೆಯೇ ಆತನು ಕಪ್ಪು ಅಂಚಿನ ಒಂದು ಕಿರುಹೊತ್ತಗೆ ಹೊರಡಿಸಿ, ‘ಸ್ವಾಭಾವಿಕ ಛಾಯಾಚಿತ್ರಣ ಸತ್ತಿತು’ ಎಂದು ಸಾರಿದನು! 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ಫಲಕದ ಮೇಲೆ ಬೆಳಕಿನ ಪರಿಣಾಮವನ್ನು ಅಳೆದು ತೋರಿಸಿದ್ದರು. ನೆರಳು ಬೆಳಕುಗಳ ಪ್ರಮಾಣವನ್ನು ಛಾಯಾಗ್ರಾಹಕನು ತನ್ನಿಚ್ಛೆಯಂತೆ ಬದಲಿಸಲಾರನೆಂದ ಮೇಲೆ ಅದು ಕಲೆಯಲ್ಲ ಎಂದು ಎಮರ್ಸನ್ ತೀರ್ಮಾನಿಸಿದನು. ಜಗಳಗಂಟ ಸ್ವಭಾವ, ಅವಸರದ ತೀರ್ಮಾನ. ಕಲೆಯೋ ಅಲ್ಲವೋ ಎಂಬ ಆ ವಾದ ಜೊಂಡು ಕೊಯ್ಯುವವನಿಗೆ ಸಂಬಂಧಿಸಿದ್ದಲ್ಲ, ನಮಗೂ ಈಗ ಅಷ್ಟಾಗಿ ಬೇಕಾಗಿಲ್ಲ.

ವಾದ ಏನೇ ಇರಲಿ, ಆತನು ಹೊಳೆಯನ್ನು ಬಿಡಲಿಲ್ಲ. ವ್ಹೆರಿ ಎಂಬುದು ಆ ಹೊಳೆಗಳಲ್ಲಿ ಸರಕು ಸಾಗಿಸುವ, ಒಂದೇ ದೊಡ್ಡ ಕಪ್ಪು ಹಾಯಿಯ ದೋಣಿ. ರೈಲು ಬಂದು ಅವುಗಳ ಕೆಲಸ ಕಸಿಯುತ್ತಿದ್ದ ಕಾಲ ಅದು. ಅಂಥದೊಂದು ದೋಣಿಯನ್ನು ಮನೆಯಾಗಿ ಮಾರ್ಪಡಿಸಿಕೊಂಡು, 1890ರ ಶರತ್ಕಾಲದಿಂದ ಸುಮಾರು ಒಂದು ವರ್ಷ ಎಮರ್ಸನ್ ನೀರಿನ ಮೇಲೆಯೇ ವಾಸಮಾಡಿದನು. ಆ ಚಳಿಗಾಲ ಇಂಗ್ಲೆಂಡಿನಲ್ಲಿ ದೀರ್ಘವಾದ ಕಡುಚಳಿಯದು. ಆ ಬಾಳಿನ ಕಥನ 1893ರಲ್ಲಿ ಅಚ್ಚಾಯಿತು. 1895ರಲ್ಲಿ ಹದಿನಾರು ಚಿತ್ರಗಳ ಕೊನೆಯ ಪುಸ್ತಕ, ‘ಜೌಗಿನ ಎಲೆಗಳು’, ಹೊರಬಂದಿತು. ಹಿಮ, ಮಂಜು, ಬೋಳು ಕಡ್ಡಿಗಳು, ದೂರದಲ್ಲಿ ಒಂದು ಸಣ್ಣ ಆಕೃತಿ. ಬಲ್ಲವರು ಇದನ್ನೇ ಆತನ ಶ್ರೇಷ್ಠ ಕೃತಿಯೆನ್ನುತ್ತಾರೆ. ಅಂದಕ್ಕೆ ನಾನೂ ತಲೆದೂಗುತ್ತೇನೆ. ಆದರೆ ಚರಿತ್ರೆಯನ್ನು ಹುಡುಕುವವನಿಗೆ ಇಲ್ಲಿ ಕೈಗೆ ಸಿಗುವುದು ಕಡಿಮೆ. ಜನ ದೂರ ಸರಿದುಬಿಟ್ಟಿದ್ದಾರೆ, ಕವಿಸಮಯವೇ ಮರಳಿ ಬಂದಿದೆ. ನಾನು 1886ರ ಆಲ್ಬಮ್ಮಿಗೇ ಹಿಂತಿರುಗುತ್ತೇನೆ.

ಅದರಲ್ಲಿಯೂ ಒಂದು ಕೊರತೆಯುಂಟು. ಚಿತ್ರಗಳ ಕೆಳಗೆ ಕೆಲಸದ ಹೆಸರಿದೆ, ಮನುಷ್ಯರ ಹೆಸರಿಲ್ಲ. ಜೌಗಿನವನು, ಹಾವುಮೀನಿನವನು, ಇಷ್ಟೇ. ಎಮರ್ಸನ್ ಹೃದಯವಿಲ್ಲದವನಲ್ಲ, 1888ರ ಇನ್ನೊಂದು ಪುಸ್ತಕದಲ್ಲಿ ಆ ಸೀಮೆಯ ಕೂಲಿಗಾರರ ಬಡತನವನ್ನು ಕುರಿತು ವಿವರವಾಗಿ ಬರೆದಿದ್ದಾನೆ. ಆದರೂ ಕನ್ನೈದಿಲೆಗೆ ಕೈಯೊಡ್ಡಿದ ಆಕೆ ಯಾರೆಂದು ಆ ಚಿತ್ರದ ಹೆಸರು ಹೇಳುವುದಿಲ್ಲ.

ಎಮರ್ಸನ್ 1936ರಲ್ಲಿ ಕಾಲವಾದನು. ಆತನಿಗೆ ತಿಳಿಯದಿದ್ದ ಒಂದು ಸಂಗತಿ 1950ರ ದಶಕದಲ್ಲಿ ಬೆಳಕಿಗೆ ಬಂದಿತು. ಆ ಕೆರೆಗಳು ಪ್ರಕೃತಿ ಮಾಡಿದವು ಎಂದೇ ಎಲ್ಲರೂ ನಂಬಿದ್ದರು. ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿಯು ತಳವನ್ನು ಕೊರೆದು ನೋಡಿದಾಗ ಕೆರೆಗಳ ಬದಿಗಳು ಗೋಡೆಯಂತೆ ನೆಟ್ಟಗಿದ್ದುವು. ಪ್ರಕೃತಿ ಹಾಗೆ ಅಗೆಯುವುದಿಲ್ಲ. ಹನ್ನೆರಡನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದವರೆಗೆ ಅಲ್ಲಿನ ಜನ ಉರುವಲಿಗಾಗಿ ಪೀಟ್ ಎಂಬ ಕಪ್ಪು ಮಣ್ಣನ್ನು ಅಗೆದು ಸಾಗಿಸಿದ್ದರು. ಸಮುದ್ರದ ಮಟ್ಟ ಏರಿದಾಗ ಆ ಹೊಂಡಗಳಿಗೆ ನೀರು ನುಗ್ಗಿತು. ಲ್ಯಾಂಬರ್ಟ್ ಮತ್ತು ಅವರ ಸಂಗಡಿಗರ ಗ್ರಂಥ 1960ರಲ್ಲಿ ಪ್ರಕಟವಾಯಿತು. ಎಮರ್ಸನ್ ‘ಬಾಳು’ ಮತ್ತು ‘ನೆಲ’ ಎಂದು ಎರಡಾಗಿ ಹೆಸರಿಟ್ಟಿದ್ದನು. ನೋಡಿದರೆ ಆ ನೆಲವೇ ಹೆಸರು ತಿಳಿಯದ ಸಹಸ್ರಾರು ಜನರ ಗುದ್ದಲಿಯಿಂದ ಆದದ್ದು.

ಅದೇ ಕಾಲಕ್ಕೆ ಕೆರೆಗಳು ಕೆಡತೊಡಗಿದ್ದವು. ಪಟ್ಟಣಗಳ ಕೊಳಚೆಯ ರಂಜಕ, ಹೊಲಗಳ ಗೊಬ್ಬರದ ಸಾರ ನೀರಿಗೆ ಸೇರಿ ಪಾಚಿ ಬೆಳೆದು ನೀರು ಕದಡಿತು. ನೀರಿನೊಳಗಿನ ಗಿಡಗಳು ಬಹುತೇಕ ಕೆರೆಗಳಲ್ಲಿ ಅಳಿದವು. 1982ರಲ್ಲಿ ಬ್ಯೂರ್ ಹೊಳೆಯ ಪಕ್ಕದ ಕಾಕ್‌ಶೂಟ್ ಎಂಬ ಕೆರೆಗೆ ಅಡ್ಡಗಟ್ಟೆ ಹಾಕಿ ಹೊಳೆಯ ನೀರನ್ನು ತಡೆದು, ತಳದ ಕೆಸರನ್ನು ಪಂಪಿನಿಂದ ಹೊರತೆಗೆದರು. ಅಲ್ಲಿ ಕನ್ನೈದಿಲೆ ಮತ್ತೆ ಅರಳಿತು. 1898ರಲ್ಲಿ ಕಟ್ಟಿದ ‘ಆಲ್ಬಿಯನ್’ ಎಂಬ ವ್ಹೆರಿಯನ್ನು 1949ರಿಂದ ಒಂದು ಸಂಘದವರು ಜತನಮಾಡಿ ಉಳಿಸಿದ್ದಾರೆ. ಜೊಂಡನ್ನು ಈಗಲೂ ಕೊಯ್ಯುತ್ತಾರೆ, ಹೆಚ್ಚಾಗಿ ಯಂತ್ರದಿಂದ. ಕೊಯ್ಯುವ ತಿಂಗಳುಗಳು ಮಾತ್ರ ಅವೇ.