ಚಿಕಾನೊ ವಿದ್ಯಾರ್ಥಿಗಳು ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳು

ಮೆಕ್ಸಿಕೊ, ಪೋರ್ಟೊರಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಮೂಲದವರನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಟ್ಟಾಗಿ ಲಟಿನೊ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳಲ್ಲಿ ಈ ಸಮುದಾಯದ ವಿದ್ಯಾರ್ಥಿಗಳಿಗೆ ಇಂದಿರುವ ಸ್ಥಾನದ ಬಹುಭಾಗವನ್ನು 1960ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಗಳೇ ಹೋರಾಡಿ ಗಳಿಸಿದರು. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಕ್ಯಾಲಿಫೋರ್ನಿಯಾ ಮೆಕ್ಸಿಕೊದ ಕೈತಪ್ಪಿದಾಗ ಅಲ್ಲಿನ ಮೆಕ್ಸಿಕನ್ನರಿಗೆ ಪೌರತ್ವದ ಭರವಸೆ ದೊರೆತಿದ್ದರೂ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅನೇಕ ಊರುಗಳು ಆ ಮೂಲದ ಮಕ್ಕಳನ್ನು ಪ್ರತ್ಯೇಕ ಶಾಲೆಗಳಲ್ಲಿ ಕೂರಿಸುತ್ತಿದ್ದವು. ಮೆಂಡೆಜ್ ಮೊಕದ್ದಮೆಯಲ್ಲಿ 1947ರಲ್ಲಿ ಬಂದ ಮೇಲ್ಮನವಿ ತೀರ್ಪು ಈ ಪದ್ಧತಿಯನ್ನು ಕಾನೂನುಬಾಹಿರವೆಂದು ಸಾರಿತಾದರೂ, ಅದೇ ಮಕ್ಕಳನ್ನು ಮರಗೆಲಸ, ಹೊಲಿಗೆಗಳಂಥ ಕಸುಬಿನ ತರಗತಿಗಳತ್ತ ತಳ್ಳುವ ರೂಢಿ ಉಳಿದುಕೊಂಡಿತು.

1968ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಪೂರ್ವಭಾಗದ ಪ್ರೌಢಶಾಲೆಗಳ ಸಾವಿರಾರು ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಬೀದಿಗಿಳಿದುದು ಈ ರೂಢಿಯ ವಿರುದ್ಧವೇ. ತಮ್ಮ ಚರಿತ್ರೆ ಪಾಠದಲ್ಲಿರಬೇಕು, ಸ್ಪ್ಯಾನಿಷ್ ಮಾತನಾಡಿದ್ದಕ್ಕೆ ಶಿಕ್ಷೆ ಕೂಡದು ಎಂಬ ಅವರ ಬೇಡಿಕೆಗಳ ಬೆನ್ನಿಗೆ ಅಧ್ಯಾಪಕ ಸಾಲ್ ಕ್ಯಾಸ್ಟ್ರೊ ಅವರೊಂದಿಗೆ ಕಾಲೇಜು ವಿದ್ಯಾರ್ಥಿಗಳೂ ನಿಂತರು. ಮೆಕ್ಸಿಕನ್ ಮೂಲದ ಅಮೆರಿಕನ್ನರಿಗೆ ಒಂದು ಕಾಲಕ್ಕೆ ಹೀಯಾಳಿಕೆಯಾಗಿದ್ದ ಚಿಕಾನೊ ಎಂಬ ಹೆಸರನ್ನು ಹೊಸ ತಲೆಮಾರು ಅಭಿಮಾನದಿಂದ ಹೇಳಿಕೊಳ್ಳತೊಡಗಿತು. ಅದೇ ವರ್ಷ ಲಾಸ್ ಏಂಜಲೀಸ್‌ನ ರಾಜ್ಯ ಕಾಲೇಜಿನಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ಪಾಠಕ್ರಮ ಆರಂಭವಾಯಿತು.

1969ರ ಏಪ್ರಿಲ್‌ನಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಮುದಾಯದ ಕಾರ್ಯಕರ್ತರು ಸೇರಿ ರೂಪಿಸಿದ 'ಎಲ್ ಪ್ಲಾನ್ ದೆ ಸಾಂತಾ ಬಾರ್ಬರಾ' ಎಂಬ ದೀರ್ಘ ದಾಖಲೆ ಈ ಚರಿತ್ರೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಆ ಕಾಲದ ಘೋಷಣಾಪತ್ರಗಳಿಗೆ ಸಹಜವಾದ ಆವೇಶ ಅದರಲ್ಲಿಯೂ ಇದೆಯಾದರೂ, ಅದರ ತೂಕವಿರುವುದು ಗುಮಾಸ್ತರ ಕಡತದಂತೆ ಕಾಣುವ ಪುಟಗಳಲ್ಲಿ: ಪ್ರವೇಶಕ್ಕೆ ವಿದ್ಯಾರ್ಥಿಗಳನ್ನು ಹುಡುಕಿ ತರುವವರು ಯಾರು, ಸೇರಿದವರಿಗೆ ಹಣದ ನೆರವು ಮತ್ತು ಮಾರ್ಗದರ್ಶನ ಹೇಗೆ, ಚಿಕಾನೊ ಅಧ್ಯಯನ ವಿಭಾಗದ ನೇಮಕಾತಿ ಯಾರ ಕೈಯಲ್ಲಿರಬೇಕು ಎಂಬುದನ್ನೆಲ್ಲ ಅದು ಚರ್ಚಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಈ ವಿದ್ಯಾರ್ಥಿಗಳನ್ನು ಕಾಡುತ್ತಿದ್ದ ಪರಕೀಯ ಭಾವವೆಂಬ ಮನಸ್ಸಿನ ನೋವಿಗೆ ಆಡಳಿತದ ಭಾಷೆಯಲ್ಲಿ ಮದ್ದು ಹುಡುಕಿದ ಈ ಬರವಣಿಗೆ ಅದೇ ಕಾರಣದಿಂದ ಬಾಳಿಕೆ ಬಂದಿತೆನ್ನಬಹುದು. ಚದುರಿದ್ದ ವಿದ್ಯಾರ್ಥಿ ಸಂಘಗಳನ್ನು 'ಮೆಚಾ' ಎಂಬ ಒಂದೇ ಹೆಸರಿನಡಿ ತಂದುದೂ ಈ ದಾಖಲೆಯನ್ನು ರೂಪಿಸಿದ ಸಮಾವೇಶವೇ. 'ಅಸ್ತ್ಲಾನ್‌ನ ಚಿಕಾನೊ ವಿದ್ಯಾರ್ಥಿ ಚಳವಳಿ' ಎಂಬುದು ಅದರ ಪೂರ್ಣ ಹೆಸರು. ಅಸ್ತ್ಲಾನ್ ಎಂದರೆ ಅಸ್ತೆಕ್ ಜನರ ಪುರಾಣೋಕ್ತ ಮೂಲನೆಲೆ. ಅದು ಇಂದಿನ ಅಮೆರಿಕದ ನೈಋತ್ಯ ಭಾಗವೇ ಎಂದು ಚಳವಳಿಗಾರರು ಭಾವಿಸಿದರು.

ಸಂಘದ ಒಳಗೂ ಎಲ್ಲರಿಗೂ ಸಮಾನ ಜಾಗವಿರಲಿಲ್ಲ. ಸಭೆಯ ಅಡುಗೆ, ಟೈಪಿಂಗ್‌ಗಳಿಗೆ ತಮ್ಮನ್ನು ಸೀಮಿತಗೊಳಿಸುವುದನ್ನು ವಿದ್ಯಾರ್ಥಿನಿಯರು ಪ್ರತಿಭಟಿಸಿದರು. ಲಾಂಗ್ ಬೀಚ್‌ನಲ್ಲಿ ಅನ್ನಾ ನಿಯೆಟೊ ಗೋಮೆಜ್ ಮತ್ತು ಅವರ ಗೆಳತಿಯರು 1971ರಲ್ಲಿ 'ಇಹಾಸ್ ದೆ ಕ್ವಾವ್ತೇಮೊಕ್' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಚಿಕಾನೊ ಅಧ್ಯಯನ ವಿಭಾಗಗಳ ಸ್ಥಾಪನೆಯೂ ಎಲ್ಲೆಡೆ ಸುಗಮವಾಗಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ 14 ದಿನಗಳ ಉಪವಾಸ ಸತ್ಯಾಗ್ರಹದ ಬಳಿಕ ಕೃಷಿ ಕಾರ್ಮಿಕ ನಾಯಕ ಸೀಸರ್ ಚಾವೆಜ್ ಹೆಸರಿನ ಕೇಂದ್ರ ದೊರೆತರೂ, ಅದು ಪೂರ್ಣ ವಿಭಾಗವಾದದ್ದು 2005ರಲ್ಲಿ.

ಈ ನಡುವೆ 1992ರಲ್ಲಿ ಒಕ್ಕೂಟ ಸರ್ಕಾರದ ಕಾನೂನು 'ಹಿಸ್ಪಾನಿಕ್ ಸೇವಾ ಸಂಸ್ಥೆ' ಎಂಬ ವರ್ಗವನ್ನು ಮಾನ್ಯ ಮಾಡಿತು. ಪದವಿ ವಿದ್ಯಾರ್ಥಿಗಳಲ್ಲಿ ಶೇ. 25ರಷ್ಟಾದರೂ ಹಿಸ್ಪಾನಿಕ್, ಅಂದರೆ ಲಟಿನೊ, ಸಮುದಾಯದವರಿರಬೇಕೆಂಬುದು ಅದರ ಮುಖ್ಯ ಷರತ್ತು. ಕಪ್ಪು ಜನಾಂಗದ ಶಿಕ್ಷಣಕ್ಕೆಂದೇ ಹುಟ್ಟಿದ ಐತಿಹಾಸಿಕ ಕಾಲೇಜುಗಳಿಗೂ ಇವಕ್ಕೂ ಇರುವ ಅಂತರ ಇಲ್ಲಿಯೇ ಇದೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಆ ಹಣೆಪಟ್ಟಿಯನ್ನು ಪಡೆದುದು ಧ್ಯೇಯದಿಂದಲ್ಲದೆ ಪ್ರವೇಶದ ಲೆಕ್ಕದಿಂದ.

1980ರ ದಶಕದ ಅಂತರ್ಯುದ್ಧಗಳಿಂದ ಪಾರಾಗಿ ಬಂದ ಸಾಲ್ವಡಾರ್, ಗ್ವಾಟೆಮಾಲಾ ಕುಟುಂಬಗಳ ಮಕ್ಕಳು ಕಾಲೇಜು ಸೇರುವ ವೇಳೆಗೆ ಚಿಕಾನೊ ಎಂಬ ಹೆಸರು ತಮ್ಮನ್ನು ಒಳಗೊಳ್ಳುವುದಿಲ್ಲವೆಂಬ ಆಕ್ಷೇಪ ಎದ್ದಿತು. ನಾರ್ತ್‌ರಿಜ್‌ನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮಧ್ಯ ಅಮೆರಿಕ ಅಧ್ಯಯನಕ್ಕೆ ಪ್ರತ್ಯೇಕ ಪಾಠಕ್ರಮವೇ ರೂಪುಗೊಂಡಿತು. 2019ರಲ್ಲಿ ಮೆಚಾದ ವಿದ್ಯಾರ್ಥಿ ಪ್ರತಿನಿಧಿಗಳು ತಮ್ಮ ಸಂಘಟನೆಯ ಹೆಸರಿನಿಂದ ಚಿಕಾನೊ, ಅಸ್ತ್ಲಾನ್ ಎರಡನ್ನೂ ಕೈಬಿಡಲು ಮತ ಹಾಕಿದಾಗ, ಆ ಪದಗಳಿಗಾಗಿ ಹಿಂದೆ ಹೋರಾಡಿದ್ದ ಹಿರಿಯರಲ್ಲಿ ಹಲವರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು.